ಊರಲ್ಲಿ ಕಳೆದ ದಿನ ಯಾವ ಲೆಕ್ಕಕ್ಕೆ?

ಬೆಂಗಳೂರಿನ ಮಡಿವಾಳವನ್ನು ನೀವು ರಾತ್ರಿ ಹತ್ತರ ಹೊತ್ತಿಗೆ ನೋಡಿದ್ದೀರಾ? ಹೊಸೂರು ರಸ್ತೆಯ ಅಂಚಿನಲ್ಲಿ ಖಾಸಗಿ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ಚೆನ್ನೈ, ಕೊಯಮತ್ತೂರು, ಎರ್ನಾಕುಳಂ ಎಂದು ಕೂಗುವ ಹುಡುಗರು, ಸೂಟ್‌ಕೇಸಿನ ಮೇಲೆ ಕುಳಿತ ಮುದುಕರು, ನಿದ್ದೆಗಣ್ಣಿನ ಮಕ್ಕಳು. ಆ ಗದ್ದಲದ ನಡುವೆ ಪ್ಲಾಸ್ಟಿಕ್ ಫೈಲೊಂದನ್ನು ಎದೆಗವುಚಿಕೊಂಡು ನಿಂತ ಒಬ್ಬಿಬ್ಬರು ಖಂಡಿತ ನಿಮ್ಮ ಕಣ್ಣಿಗೆ ಬೀಳುತ್ತಾರೆ. ಅವರು ಮದುವೆಗೋ ಮುಂಜಿಗೋ ಹೊರಟವರಲ್ಲ, ಚೆನ್ನೈಯ ಜೆಮಿನಿ ಸರ್ಕಲ್ಲಿನ ಅಮೇರಿಕನ್ ಕಾನ್ಸುಲೇಟಿಗೆ ಹೊರಟವರು. ಜಗತ್ತಿಗೇ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಕಳಿಸಿಕೊಟ್ಟ ಬೆಂಗಳೂರಿಗೆ ತನ್ನದೇ ಆದ ಅಮೇರಿಕನ್ ವೀಸಾ ಕಚೇರಿ ದಶಕಗಳ ಕಾಲ ಇರಲಿಲ್ಲ. 2025ರ ಜನವರಿಯಲ್ಲಿ ಇಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಆಗ ಶುರುವಾಗಲಿಲ್ಲ. ಹಾಗಾಗಿ ಈ ರಾತ್ರಿ ಬಸ್ಸು ಎಷ್ಟೋ ಕುಟುಂಬಗಳ ಚರಿತ್ರೆಯ ಒಂದು ಭಾಗವಾಗಿಬಿಟ್ಟಿದೆ.

ಮಡಿವಾಳದಿಂದ ಪಶ್ಚಿಮಕ್ಕೆ ನಡೆದರೆ ಬಿ.ಟಿ.ಎಂ. ಬಡಾವಣೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಸೇರಿಸಿ ಇಟ್ಟ ಹೆಸರದು. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ, ಕೇರಳದಿಂದ ಬಂದ ಯುವಕರು ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಮಂದಿ ಸೇರಿ ಬದುಕು ಕಟ್ಟಿಕೊಳ್ಳುವ ಜಾಗ. ಅಲ್ಲಿಂದ ಬನ್ನೇರುಘಟ್ಟ ರಸ್ತೆಯತ್ತ ನಡೆದರೆ ಗುರಪ್ಪನಪಾಳ್ಯ, ಆಚೆಗೆ ತಿಲಕ್ ನಗರ. ಅಝಾನಿನ ಧ್ವನಿ ಒಂದು ಮಸೀದಿಯಿಂದ ಇನ್ನೊಂದು ಮಸೀದಿಗೆ ಕೈ ದಾಟಿಸಿದಂತೆ ಕೇಳಿಸುವ ಬೀದಿಗಳಿವು. ತಿಲಕ್ ನಗರಕ್ಕೆ ತಾಗಿಕೊಂಡೇ 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ. ಅದರ ದಕ್ಷಿಣಕ್ಕೆ ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, ಪಶ್ಚಿಮಕ್ಕೆ ಬನಶಂಕರಿ. 2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೋದ ಹಳದಿ ಮಾರ್ಗ ಈಗ ಜಯನಗರದ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ದಾಟಿ ಎಲೆಕ್ಟ್ರಾನಿಕ್ಸ್ ಸಿಟಿಗೂ ಅದರಾಚೆ ಬೊಮ್ಮಸಂದ್ರಕ್ಕೂ ಹೋಗುತ್ತದೆ.

ಈ ಬಡಾವಣೆಗಳಿಗೆ ಒಂದು ಸಮಾನ ಗುಣವಿದೆ. ಇಲ್ಲಿಯ ಅನೇಕ ಮನೆಗಳಲ್ಲಿ ಎರಡು ಗಡಿಯಾರಗಳು ನಡೆಯುತ್ತಿರುತ್ತವೆ. ಒಂದು ಗೋಡೆಯ ಮೇಲಿನದು. ಇನ್ನೊಂದು ಕಣ್ಣಿಗೆ ಕಾಣದ್ದು. ಅದು ಡಲ್ಲಾಸಿನಲ್ಲೋ ದಮ್ಮಾಮಿನಲ್ಲೋ ಇರುವ ಮಗನ ವೀಸಾದ ಗಡಿಯಾರ. ಜಯನಗರದ ತಾಯಿಯೂ ತಿಲಕ್ ನಗರದ ತಾಯಿಯೂ ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: "ಇನ್ನೆಷ್ಟು ದಿನ ಉಳಿದಿದೆ ಮಗಾ? ಈ ಸಲ ರಮಝಾನಿಗೆ ಬರ್ತೀಯಾ?" ಆದರೆ ಇಬ್ಬರು ಮಕ್ಕಳು ಮಾಡಬೇಕಾದ ಲೆಕ್ಕ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಒಬ್ಬನಿಗೆ ಊರಲ್ಲಿ ಕಳೆದ ದಿನ ಮರಳಿ ಸಿಗುತ್ತದೆ. ಇನ್ನೊಬ್ಬನಿಗೆ ಊರಲ್ಲಿ ಹೆಚ್ಚು ದಿನ ಕಳೆದರೆ ಕೆಲಸವೇ ಕೈತಪ್ಪುತ್ತದೆ. ಈ ವ್ಯತ್ಯಾಸ ತಿಳಿಯದ ಕಾರಣಕ್ಕೇ ಬರಬಹುದಾಗಿದ್ದವರು ಬಾರದೆ ಉಳಿಯುವುದುಂಟು, ಹೋಗಬೇಕಾಗಿದ್ದವರು ಹೊರಡದೆ ಕುಳಿತುಬಿಡುವುದೂ ಉಂಟು. ಆದ್ದರಿಂದ ಈ ಲೆಕ್ಕವನ್ನು ನಾವು ಸ್ವಲ್ಪ ನಿಧಾನವಾಗಿ ನೋಡೋಣ.

ದಿನ ಎಣಿಸುವುದು ನಮಗೆ ಹೊಸತಲ್ಲ

ಪ್ರಯಾಣದ ದಿನಗಳನ್ನು ಎಣಿಸುವ ವಿದ್ಯೆ ಮುಸ್ಲಿಮರಿಗೆ ಅಪರಿಚಿತವಲ್ಲ. ಮುಸಾಫಿರನ ನಮಾಝನ್ನೇ ನೋಡಿ. ನಿಗದಿತ ದೂರ ಪ್ರಯಾಣಿಸಿದವನಿಗೆ ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಇದೆ. ಆದರೆ ಆತ ಎಷ್ಟು ದಿನ ಮುಸಾಫಿರ್? ಹನಫೀ ಮದ್‌ಹಬಿನ ಪ್ರಕಾರ ಒಂದು ಊರಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಂಗುವ ಸಂಕಲ್ಪ ಮಾಡಿದರೆ ಆತ ಮುಸಾಫಿರ್ ಅಲ್ಲ, ಮುಕೀಂ. ನಮ್ಮ ಕರಾವಳಿಯವರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಈ ಮಿತಿ ನಾಲ್ಕು ದಿನ. ಊರು ತಲುಪಿದ ದಿನವನ್ನೂ ಅಲ್ಲಿಂದ ಹೊರಡುವ ದಿನವನ್ನೂ ಬಿಟ್ಟು ಎಣಿಸಿದ ಪೂರ್ತಿ ನಾಲ್ಕು ದಿನ. ಬಿ.ಟಿ.ಎಂ.ನ ಒಂದೇ ಕೋಣೆಯಲ್ಲಿರುವ ಹುಬ್ಬಳ್ಳಿಯ ಹುಡುಗ ಮತ್ತು ಮಂಗಳೂರಿನ ಹುಡುಗ ಒಂದೇ ವಿಮಾನದಲ್ಲಿ ಹತ್ತು ದಿನಗಳ ಕೆಲಸಕ್ಕೆಂದು ಪರವೂರಿಗೆ ಹೋದರೆ, ಒಬ್ಬ ಅಲ್ಲಿ ಮುಸಾಫಿರ್, ಇನ್ನೊಬ್ಬ ಮುಕೀಂ. ದಿನಗಳು ಅವೇ. ಎಣಿಸುವ ನಿಯಮ ಬೇರೆ.

ಈ ಒಂದು ಮಾತು ನೆನಪಿರಲಿ: ತಲುಪಿದ ದಿನ ಮತ್ತು ಹೊರಟ ದಿನ ಲೆಕ್ಕಕ್ಕಿಲ್ಲ, ನಡುವಿನ ಪೂರ್ತಿ ದಿನ ಮಾತ್ರ ಲೆಕ್ಕ. ಇದನ್ನೇ ಹೋಲುವ ನಿಯಮವೊಂದು ಮುಂದೆ ಅಮೇರಿಕದ ವೀಸಾದಲ್ಲಿಯೂ ನಿಮಗೆ ಎದುರಾಗುತ್ತದೆ.

ಒಂದೇ ವೀಸಾ, ಮೂರು ತಾರೀಕು

ಅಮೇರಿಕದಲ್ಲಿ ತಾತ್ಕಾಲಿಕ ಕೆಲಸಕ್ಕೆ ಹೋಗುವ ನಮ್ಮ ಇಂಜಿನಿಯರುಗಳಲ್ಲಿ ಹೆಚ್ಚಿನವರದ್ದು ಎಚ್-1ಬಿ ವೀಸಾ. 1990ರ ವಲಸೆ ಕಾಯ್ದೆಯ ಮೂಲಕ ಇದು ಈಗಿನ ರೂಪ ಪಡೆಯಿತು. ಮೊದಲು ಮೂರು ವರ್ಷ, ಆಮೇಲೆ ಇನ್ನೂ ಮೂರು ವರ್ಷ, ಒಟ್ಟು ಗರಿಷ್ಠ ಆರು ವರ್ಷ. ಎಲ್ಲರಿಗೂ ಗೊತ್ತಿರುವುದು ಇಷ್ಟೇ. ಗೊಂದಲ ಶುರುವಾಗುವುದು ಆ ಬಳಿಕ.

ಮಗನ ಬಳಿ ವಾಸ್ತವದಲ್ಲಿ ಮೂರು ತಾರೀಕುಗಳಿರುತ್ತವೆ. ಮೊದಲನೆಯದು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ತಾರೀಕು. ಅದು ಬಾಗಿಲಿನ ಬೀಗದ ಕೈ ಮಾತ್ರ. ಒಳಗೆ ಹೋಗಲು ಬೇಕು, ಒಳಗಿರಲು ಬೇಕಾಗಿಲ್ಲ. ಎರಡನೆಯದು ಕಂಪೆನಿ ಸಲ್ಲಿಸಿ ಮಂಜೂರಾದ ಅರ್ಜಿಯ ತಾರೀಕು. ಎಲ್ಲಿಯ ತನಕ ಆ ಕಂಪೆನಿಯಲ್ಲಿ ಕೆಲಸ ಮಾಡಬಹುದು ಎಂದು ಹೇಳುವುದು ಅದು. ಮೂರನೆಯದು ಐ-94 ಎಂಬ ಪ್ರವೇಶ ದಾಖಲೆಯ ತಾರೀಕು. ಎಲ್ಲಿಯ ತನಕ ಆ ದೇಶದಲ್ಲಿ ಇರಬಹುದು ಎಂದು ಹೇಳುವುದು ಇದೇ. 2013ರಿಂದ ವಿಮಾನದಲ್ಲಿ ಬರುವವರಿಗೆ ಈ ದಾಖಲೆ ಕಾಗದದ ಚೀಟಿಯಾಗಿ ಸಿಗುವುದಿಲ್ಲ, ಕಂಪ್ಯೂಟರಿನಲ್ಲಿ ನಾವೇ ತೆಗೆದು ನೋಡಬೇಕು. ನೋಡದಿದ್ದವರು ಮೋಸ ಹೋಗುತ್ತಾರೆ.

ಹೇಗೆ ಅಂತೀರಾ? ಪಾಸ್‌ಪೋರ್ಟಿನ ಅವಧಿ ಬೇಗನೆ ಮುಗಿಯುವುದಿದ್ದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94ರ ಅವಧಿಯನ್ನು ಅಲ್ಲಿಗೇ ಕತ್ತರಿಸಬಹುದು. ದೊಡ್ಡವರ ಭಾರತೀಯ ಪಾಸ್‌ಪೋರ್ಟಿಗೆ 10 ವರ್ಷದ ಅವಧಿ ಇದ್ದರೆ ಸಣ್ಣ ಮಕ್ಕಳದ್ದಕ್ಕೆ 5 ವರ್ಷ. ಇದರಿಂದಾಗಿ ತಂದೆ ತಾಯಿಗೆ 2027ರ ತನಕ ಅನುಮತಿ ಇದ್ದು ಜೊತೆಯಲ್ಲೇ ಬಂದ ಮಗುವಿಗೆ 2026ಕ್ಕೇ ಮುಗಿಯುವಂಥ ಸ್ಥಿತಿ ಬರುತ್ತದೆ. ಯಾರೂ ತಪ್ಪು ಮಾಡಿಲ್ಲ, ಆದರೂ ಮಗು ಕಾನೂನುಬಾಹಿರ ವಾಸಿಯಾಗಿಬಿಡುತ್ತದೆ! ಮಕ್ಕಳೊಂದಿಗೆ ಊರಿಗೆ ಬಂದವರು ಮರಳುವ ಮುನ್ನ ಕೋರಮಂಗಲದ ಪಾಸ್‌ಪೋರ್ಟ್ ಕಚೇರಿಯ ವ್ಯವಹಾರ ಮುಗಿಸಿಕೊಂಡೇ ಹೋಗುವುದು ಜಾಣತನ.

ಊರಿನ ದಿನಗಳು ಮರಳಿ ಸಿಗುತ್ತವೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಆರು ವರ್ಷ ಎಂದರೆ ಗೋಡೆಯ ಕ್ಯಾಲೆಂಡರಿನ ಆರು ವರ್ಷವೇ? ಅಲ್ಲ. ಎಚ್-1ಬಿಯಲ್ಲಿ ಅಮೇರಿಕದ ನೆಲದ ಮೇಲೆ ಕಳೆದ ಆರು ವರ್ಷ. ಆ ಅವಧಿಯಲ್ಲಿ ಆತ ದೇಶದ ಹೊರಗಿದ್ದ ಪೂರ್ತಿ ದಿನಗಳು ಈ ಎಣಿಕೆಗೆ ಸೇರುವುದಿಲ್ಲ, ಅವುಗಳನ್ನು ಮರಳಿ ಕೇಳಿ ಪಡೆಯಬಹುದು. ಹಿಂದೆ ಈ ಬಗ್ಗೆ ತಕರಾರಿತ್ತು. ರಜೆಗೆ ಹೋದದ್ದು ಲೆಕ್ಕಕ್ಕಿಲ್ಲ, ಮಹತ್ವದ ಕಾರಣಕ್ಕೆ ಹೋದದ್ದಾದರೆ ಮಾತ್ರ ಪರಿಗಣಿಸುತ್ತೇವೆ ಎಂಬ ಧೋರಣೆ ಇತ್ತು. 2001ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವೊಂದು ಹೊರಗಿದ್ದ ಕಾಲವನ್ನು ಎಣಿಸಬಾರದೆಂಬ ವಾದವನ್ನು ಎತ್ತಿಹಿಡಿಯಿತು. 2005ರ ಅಕ್ಟೋಬರಿನಲ್ಲಿ ವಲಸೆ ಇಲಾಖೆ ಸುತ್ತೋಲೆ ಹೊರಡಿಸಿ, ಹೊರಗೆ ಹೋದ ಕಾರಣ ಯಾವುದೇ ಇರಲಿ, ಆ ದಿನಗಳು ಸಿಗಬೇಕು ಎಂದಿತು. 2017ರ ಜನವರಿಯಿಂದ ಇದು ನಿಯಮಾವಳಿಯಲ್ಲೇ ಸೇರಿದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಮಗನ ಎಚ್-1ಬಿ 2020ರ ಅಕ್ಟೋಬರ್ 1ರಂದು ಶುರುವಾಗಿದೆ ಎಂದಿಟ್ಟುಕೊಳ್ಳೋಣ. ಆರು ವರ್ಷ ಮುಗಿಯುವುದು 2026ರ ಸೆಪ್ಟೆಂಬರ್ 30ಕ್ಕೆ. ಈ ನಡುವೆ ಆತ ಒಮ್ಮೆ ಮಾರ್ಚ್ 10ರಂದು ಅಲ್ಲಿಂದ ಹೊರಟು ಎಪ್ರಿಲ್ 9ರಂದು ಮರಳಿ ಅಲ್ಲಿ ಇಳಿದ. ಹೊರಟ ದಿನವೂ ಇಳಿದ ದಿನವೂ ಲೆಕ್ಕಕ್ಕಿಲ್ಲ. ಮಾರ್ಚ್ 11ರಿಂದ ಎಪ್ರಿಲ್ 8ರ ತನಕ ಪೂರ್ತಿ 29 ದಿನ. ಇಂತಹ ಮೂರು ಪ್ರಯಾಣಗಳಾದರೆ 87 ದಿನ. ಅಂದರೆ ಆರು ವರ್ಷದ ಗಡಿ ಸೆಪ್ಟೆಂಬರ್ 30ರಿಂದ ಡಿಸೆಂಬರ್ 26ಕ್ಕೆ ಸರಿಯುತ್ತದೆ.

ಆದರೆ ಈ ದಿನಗಳನ್ನು ಯಾರೂ ತಾವಾಗಿ ತಂದು ಕೊಡುವುದಿಲ್ಲ. ಕಂಪೆನಿಯ ಮೂಲಕ ಅರ್ಜಿ ಹಾಕಿ ಕೇಳಬೇಕು. ಒಂದೊಂದು ದಿನಕ್ಕೂ ಪುರಾವೆ ಕೊಡಬೇಕು. ಪಾಸ್‌ಪೋರ್ಟಿನ ಮುದ್ರೆ, ಬೋರ್ಡಿಂಗ್ ಪಾಸ್, ಟಿಕೆಟ್, ಪ್ರವೇಶದ ದಾಖಲೆ ಇವೆಲ್ಲ ಬೇಕಾಗುತ್ತವೆ. ಈಗ ಮುದ್ರೆ ಒತ್ತುವ ಪದ್ಧತಿಯೇ ಕಡಿಮೆಯಾಗುತ್ತಿದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2025ರಲ್ಲಿ ನೋಂದಾಯಿತ ಪ್ರಯಾಣಿಕರಿಗೆ ಸ್ವಯಂಚಾಲಿತ ಗೇಟುಗಳು ಬಂದವು. ಆದ್ದರಿಂದ ಮಗ ಬಂದಾಗ ಅವನ ಜೇಬಿನಲ್ಲಿ ಮುದುಡಿ ಬಿದ್ದ ಬೋರ್ಡಿಂಗ್ ಪಾಸನ್ನು ಬಟ್ಟೆ ಒಗೆಯುವಾಗ ಎಸೆಯಬೇಡಿ. ಅದೊಂದು ಕಾಗದದ ಚೂರು 29 ದಿನಗಳ ಸಾಕ್ಷಿ.

ಈ ದಿನಗಳಿಗೆ ಅಷ್ಟೊಂದು ಬೆಲೆ ಯಾಕೆ ಎಂದು ನೀವು ಕೇಳಬಹುದು. ಕಾಯಂ ವಾಸದ ಹಕ್ಕಾದ ಗ್ರೀನ್ ಕಾರ್ಡಿನ ಪ್ರಕ್ರಿಯೆ ಶುರುವಾಗಿ 365 ದಿನ ಕಳೆದಿದ್ದರೆ ಆರು ವರ್ಷದ ಬಳಿಕವೂ ಒಂದೊಂದೇ ವರ್ಷ ವಿಸ್ತರಣೆ ಸಿಗುತ್ತದೆ. ಅದರ ಮುಂದಿನ ಹಂತವಾದ ಐ-140 ಅರ್ಜಿ ಮಂಜೂರಾಗಿ, ದೇಶವಾರು ಮಿತಿಯಿಂದಾಗಿ ಸರದಿ ಬಾರದಿದ್ದರೆ ಮೂರು ಮೂರು ವರ್ಷ ಸಿಗುತ್ತದೆ. 2000ದ ಅಕ್ಟೋಬರಿನಲ್ಲಿ ಜಾರಿಯಾದ ಕಾಯ್ದೆ ಇದಕ್ಕೆ ದಾರಿ ಮಾಡಿತು. ಪ್ರಕ್ರಿಯೆ ತಡವಾಗಿ ಶುರುವಾಗಿ ಆ 365 ದಿನಕ್ಕೆ ಒಂದೆರಡು ತಿಂಗಳು ಕೊರತೆ ಬಿದ್ದವನಿಗೆ, ಊರಲ್ಲಿ ತಾಯಿಯ ಬಳಿ ಕಳೆದ 87 ದಿನಗಳೇ ದಾಟುವ ಸೇತುವೆಯಾಗುತ್ತವೆ.

ಇನ್ನು, ಆರು ವರ್ಷ ಮುಗಿಸಿದವನು ಒಂದು ವರ್ಷ ಪೂರ್ತಿ ಅಮೇರಿಕದ ಹೊರಗಿದ್ದರೆ ಹೊಸ ಆರು ವರ್ಷಕ್ಕೆ ಅರ್ಹನಾಗುತ್ತಾನೆ. ಆದರೆ ಆಗ ಮತ್ತೆ ಚೀಟಿ ಎತ್ತುವ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಕಂಪೆನಿಯ ಒಳಗಿನ ವರ್ಗಾವಣೆಯ ಎಲ್-1 ವೀಸಾದಲ್ಲಿ ಹೋದವರ ಮಿತಿ ಬೇರೆ. ವಿಶೇಷ ತಿಳಿವಳಿಕೆಯ ನೌಕರರಿಗೆ ಐದು ವರ್ಷ, ವ್ಯವಸ್ಥಾಪಕರಿಗೆ ಏಳು. ಎಲ್-1ರಲ್ಲಿ ಮೂರು ವರ್ಷ ಕಳೆದು ಎಚ್-1ಬಿಗೆ ಬದಲಾದರೆ ಹೊಸದಾಗಿ ಆರು ವರ್ಷ ಸಿಗುವುದಿಲ್ಲ, ಉಳಿಯುವುದು ಮೂರೇ.

ಹೆಂಡತಿ ಮಕ್ಕಳ ಗಡಿಯಾರ

ಎಂ.ಸಿ.ಎ. ಮಾಡಿದ, ಬಿ.ಇ. ಮಾಡಿದ ನಮ್ಮ ಎಷ್ಟೋ ಹೆಣ್ಣುಮಕ್ಕಳು ಮದುವೆಯಾಗಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಹೋಗುತ್ತಾರೆ. ಈಕೆಯ ಗಡಿಯಾರ ಗಂಡನದ್ದಕ್ಕೆ ಕಟ್ಟಿಹಾಕಲ್ಪಟ್ಟದ್ದು. ಅವನ ಅವಧಿ ಮುಗಿದರೆ ಈಕೆಯದ್ದೂ ಮುಗಿಯಿತು. ಅವನ ಕೆಲಸ ಹೋದರೆ ಇಡೀ ಕುಟುಂಬಕ್ಕೆ ಗರಿಷ್ಠ 60 ದಿನ. ಅಷ್ಟರೊಳಗೆ ಹೊಸ ಕಂಪೆನಿ ಸಿಗಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು, ಇಲ್ಲವೇ ಹೊರಡಬೇಕು. ಐ-94 ಅದಕ್ಕೂ ಮೊದಲೇ ಮುಗಿಯುವುದಾದರೆ ಆ 60 ದಿನವೂ ಇಲ್ಲ. ಮನೆ, ಕಾರು, ಶಾಲೆ ಎಲ್ಲವನ್ನೂ ಎರಡು ತಿಂಗಳಲ್ಲಿ ಮಡಚಬೇಕಾದ ಹೆಣ್ಣಿನ ಸ್ಥಿತಿಯನ್ನು ಒಮ್ಮೆ ಊಹಿಸಿ ನೋಡಿ.

ಆದರೆ ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ಒಳ್ಳೆಯ ವಿಷಯವೂ ಇದೆ. ಎಚ್-4ರಲ್ಲಿ ಕಳೆದ ವರ್ಷಗಳು ಆಕೆಯ ಸ್ವಂತ ಎಚ್-1ಬಿಯ ಆರು ವರ್ಷಗಳಿಂದ ಕಳೆಯಲ್ಪಡುವುದಿಲ್ಲ. 2006ರ ಡಿಸೆಂಬರಿನ ಸುತ್ತೋಲೆ ಇದನ್ನು ಸ್ಪಷ್ಟಪಡಿಸಿತು. ಅಂದರೆ ಅಡುಗೆ ಮನೆಯಲ್ಲೂ ಮಗುವಿನ ತೊಟ್ಟಿಲ ಬಳಿಯಲ್ಲೂ ಕಳೆದ ಆರು ವರ್ಷಗಳ ನಂತರ ಆಕೆಗೆ ಕೆಲಸ ಸಿಕ್ಕಿ ವೀಸಾ ದೊರೆತರೆ ಆಕೆಯ ಆರು ವರ್ಷ ಅಂದಿನಿಂದಲೇ ಶುರು. ಆಗ ಗಂಡ ಆಕೆಯ ಅವಲಂಬಿತನಾಗಿ ಅಲ್ಲಿ ಉಳಿಯಬಹುದು. 2015ರ ಮೇ ತಿಂಗಳಿನಿಂದ ಕೆಲವು ಎಚ್-4 ಪತ್ನಿಯರಿಗೆ, ಮುಖ್ಯವಾಗಿ ಗಂಡನ ಐ-140 ಮಂಜೂರಾಗಿದ್ದರೆ, ಕೆಲಸದ ಅನುಮತಿ ಕೇಳುವ ಅವಕಾಶವೂ ಬಂತು. ಹೆಣ್ಣುಮಕ್ಕಳ ಪದವಿ ಪ್ರಮಾಣಪತ್ರಗಳನ್ನು ಅಲ್ಮೇರಾದಲ್ಲಿ ಒಡವೆಯಷ್ಟೇ ಜೋಪಾನವಾಗಿಡಿ.

ಮಕ್ಕಳ ಗಡಿಯಾರ ಇನ್ನೂ ಕಠಿಣ. ಎಚ್-4ರ ಮಗುವಿಗೆ 21 ತುಂಬಿದ ದಿನ ಆ ವೀಸಾದ ಆಸರೆ ತಪ್ಪುತ್ತದೆ. ಇತ್ತ ಗ್ರೀನ್ ಕಾರ್ಡಿನ ಸರದಿಯಲ್ಲಿ ಯಾವುದೇ ಒಂದು ದೇಶಕ್ಕೆ ವಾರ್ಷಿಕ 7 ಶೇಕಡಾದ ಮಿತಿ. ಭಾರತ ದೊಡ್ಡದು, ಸಾಲು ಉದ್ದ. ಸ್ನಾತಕೋತ್ತರ ಪದವೀಧರರ ವಿಭಾಗದಲ್ಲಿ ಭಾರತೀಯರ ಸರದಿ 2025ರಲ್ಲೂ 2013ರ ಆಸುಪಾಸಿನಲ್ಲಿಯೇ ತೆವಳುತ್ತಿತ್ತು. ಆರು ವರ್ಷಕ್ಕೆಂದು ಹೋದವರು ಹದಿನೆಂಟು ವರ್ಷವಾದರೂ "ತಾತ್ಕಾಲಿಕ"ರಾಗಿಯೇ ಇರುವುದು ಹೀಗೆ. ಜಯನಗರದಲ್ಲಿ ಹುಟ್ಟಿ ಎರಡನೇ ವಯಸ್ಸಿನಲ್ಲಿ ಹೋದ ಮಗು ಅಲ್ಲಿಯೇ ಓದಿ, ಅಲ್ಲಿಯ ಭಾಷೆಯನ್ನೇ ಆಡಿ, 21ನೇ ಹುಟ್ಟುಹಬ್ಬದಂದು ವಿದ್ಯಾರ್ಥಿ ವೀಸಾಕ್ಕಾಗಿ ಅಲೆಯಬೇಕಾಗಿ ಬರುತ್ತದೆ.

ತಿಲಕ್ ನಗರದ ಲೆಕ್ಕ ಬೇರೆ

ಈಗ ತಿಲಕ್ ನಗರಕ್ಕೆ, ಗುರಪ್ಪನಪಾಳ್ಯಕ್ಕೆ ಬನ್ನಿ. ಇಲ್ಲಿಯ ಹುಡುಗರು ಎ.ಸಿ. ಮೆಕ್ಯಾನಿಕ್, ಚಾಲಕ, ಅಂಗಡಿ ನೌಕರ, ಲೆಕ್ಕಿಗರಾಗಿ ಹೋಗುವುದು ಗಲ್ಫಿಗೆ. ಅಲ್ಲಿ ಅಮೇರಿಕದಂತೆ ಆರು ವರ್ಷದ ಮಿತಿ ಇಲ್ಲ. ಕಫೀಲ್ ಅಥವಾ ಕಂಪೆನಿ ನವೀಕರಿಸುತ್ತಾ ಹೋದರೆ ಮೂವತ್ತು ವರ್ಷವೂ ಇರಬಹುದು. ಆದರೆ ಇಲ್ಲಿ ಊರಿನ ದಿನಗಳು ಮರಳಿ ಸಿಗುವುದಿಲ್ಲ, ಅವುಗಳಿಗೇ ಮಿತಿ. ಸಂಯುಕ್ತ ಅರಬ್ ಸಂಸ್ಥಾನದ ಸಾಮಾನ್ಯ ಉದ್ಯೋಗ ವೀಸಾದವನು ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಆ ವಾಸದ ಅನುಮತಿಯೇ ರದ್ದಾಗುವ ನಿಯಮವಿದೆ. 2020ರ ಕೊರೊನಾ ಕಾಲದಲ್ಲಿ ರಜೆಗೆ ಬಂದು ಇಲ್ಲೇ ಸಿಕ್ಕಿಹಾಕಿಕೊಂಡವರು ಈ 180 ದಿನಗಳನ್ನು ಬೆರಳು ಮಡಚಿ ಎಣಿಸಿದ್ದು ನಿಮಗೂ ನೆನಪಿರಬಹುದು. ಆಗ ಅಲ್ಲಿಯ ಸರಕಾರ ವಿಶೇಷ ಅನುಮತಿ ಕೊಟ್ಟು ಹಲವರನ್ನು ಮರಳಿ ಕರೆಸಿಕೊಂಡಿತು.

ಸೌದಿಯಲ್ಲಿ ಊರಿಗೆ ಬರಲು ಹೊರಹೋಗಿ ಮರಳುವ ವೀಸಾ ಬೇಕು, ನಮ್ಮವರು "ಖುರೂಜ್ ವ ಔದಾ" ಎನ್ನುವುದು ಇದನ್ನೇ. ಅದರ ತಾರೀಕಿನೊಳಗೆ ಮರಳದವರಿಗೆ ಮೂರು ವರ್ಷ ಪ್ರವೇಶ ನಿಷೇಧ ಎಂಬ ನಿಯಮ ಬಹುಕಾಲ ಇತ್ತು, 2024ರ ಜನವರಿಯಲ್ಲಿ ಅದನ್ನು ತೆಗೆಯಲಾಯಿತು. ಆದರೂ ತಾರೀಕು ತಪ್ಪಿದರೆ ಕೈಯಲ್ಲಿದ್ದ ಕೆಲಸ ಉಳಿಯುತ್ತದೆಂಬ ಭರವಸೆ ಇಲ್ಲ.

ಸೌದಿಯ ಎಣಿಕೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಕಾಮಾದ ವರ್ಷ ಬಹುಕಾಲ ಹಿಜ್ರಿ ವರ್ಷವಾಗಿತ್ತು. ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಕಡಿಮೆ. ಹಾಗಾಗಿ ಜನವರಿಯ ಲೆಕ್ಕ ಹಿಡಿದವನು ನವೀಕರಣದ ದಿನವನ್ನು ಪ್ರತಿವರ್ಷ 11 ದಿನ ತಡವಾಗಿ ನೆನೆಯುತ್ತಿದ್ದ. 33 ವರ್ಷ ದುಡಿದವನು ಹಿಜ್ರಿ ಲೆಕ್ಕದಲ್ಲಿ ಸುಮಾರು 34 ಸಲ ನವೀಕರಣ ಶುಲ್ಕ ಕಟ್ಟಬೇಕಾಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಸೌದಿ ಸರಕಾರ ತನ್ನ ನೌಕರರ ಸಂಬಳವನ್ನು ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಿಸಿತು. 2023ರ ನವೆಂಬರಿನಲ್ಲಿ, ಶರೀಅತ್‌ಗೆ ಸಂಬಂಧಿಸಿದ ವಿಷಯಗಳನ್ನು ಬಿಟ್ಟು, ಅಧಿಕೃತ ವ್ಯವಹಾರಗಳ ಅವಧಿಗಳನ್ನೂ ಗ್ರೆಗೋರಿಯನ್ ಲೆಕ್ಕದಲ್ಲಿ ಎಣಿಸಲು ಸಚಿವ ಸಂಪುಟ ಒಪ್ಪಿತು. ಹಳೆಯ ಇಕಾಮಾದ ತಾರೀಕುಗಳನ್ನು ಓದುವಾಗ ಅದು ಯಾವ ಕ್ಯಾಲೆಂಡರು ಎಂದು ಮೊದಲು ನೋಡಿಕೊಳ್ಳಿ.

ಬ್ರಿಟನ್ನಿನದ್ದು ಇವೆರಡರ ನಡುವಿನ ದಾರಿ. ಅಲ್ಲಿ ನುರಿತ ಕೆಲಸಗಾರರ ವೀಸಾದಲ್ಲಿ ನಿಗದಿತ ವರ್ಷಗಳನ್ನು ಕಳೆದವರು ಕಾಯಂ ವಾಸ ಕೇಳಬಹುದು. ಆದರೆ ಆ ವರ್ಷಗಳಲ್ಲಿ ಯಾವುದೇ 12 ತಿಂಗಳನ್ನು ತೆಗೆದುಕೊಂಡರೂ ಹೊರಗಿದ್ದ ದಿನಗಳು 180 ಮೀರಬಾರದು. ಅಲ್ಲಿಯೂ ಹೊರಟ ದಿನ ಮತ್ತು ತಲುಪಿದ ದಿನ ಎಣಿಕೆಗಿಲ್ಲ. ಬಹುಕಾಲ ಐದು ವರ್ಷವಿದ್ದ ಈ ಅವಧಿಯನ್ನು ಹತ್ತಕ್ಕೇರಿಸುವ ಪ್ರಸ್ತಾವವನ್ನು ಅಲ್ಲಿಯ ಸರಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು.

ಹೀಗೆ ಒಂದೇ ಬಡಾವಣೆಯ ಮೂರು ಮನೆಗಳಲ್ಲಿ ಮೂರು ಗಣಿತ. ಒಂದು ತಿಂಗಳು ಊರಲ್ಲಿದ್ದ ಅಮೇರಿಕದವನು ಆ ದಿನಗಳನ್ನು ಮರಳಿ ಪಡೆಯುತ್ತಾನೆ. ಬ್ರಿಟನ್ನಿನವನು 180ರಿಂದ ಕಳೆದುಕೊಳ್ಳುತ್ತಾನೆ. ಗಲ್ಫಿನವನು ತಾರೀಕು ದಾಟದಂತೆ ನೋಡಿಕೊಳ್ಳುತ್ತಾನೆ. ಪಕ್ಕದ ಮನೆಯವರ ಅನುಭವವನ್ನು ಕೇಳಿ ನಿಮ್ಮ ಮಗನಿಗೆ ಸಲಹೆ ಕೊಡುವ ಮುನ್ನ ಅವರ ಮಗ ಯಾವ ದೇಶದಲ್ಲಿದ್ದಾನೆಂದು ಕೇಳಿಕೊಳ್ಳಿ.

ಭಯ ಯಾವುದಕ್ಕೆ, ಯಾವುದಕ್ಕಲ್ಲ

"ಈಗ ಬಂದರೆ ವೀಸಾದ ದಿನ ಹಾಳಾಗುತ್ತದೆ, ಮುಂದಿನ ವರ್ಷ ನೋಡೋಣ" ಎಂಬ ಮಾತನ್ನು ಜೆ.ಪಿ. ನಗರದ, ಬನಶಂಕರಿಯ ಎಷ್ಟು ತಂದೆ ತಾಯಿ ಕೇಳಿಲ್ಲ? ಅಮೇರಿಕದ ಆರು ವರ್ಷದ ಮಟ್ಟಿಗೆ ಈ ಭಯಕ್ಕೆ ಆಧಾರವಿಲ್ಲ. ಊರಿಗೆ ಬಂದ ದಿನಗಳು ಹಾಳಾಗುವುದಿಲ್ಲ, ಖಾತೆಯಲ್ಲಿ ಜಮಾ ಇರುತ್ತವೆ.

ಹಾಗೆಂದು ಮಕ್ಕಳ ಭಯವೆಲ್ಲ ಸುಳ್ಳು ಎನ್ನುವಂತಿಲ್ಲ. ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಬಂದವನು ಹೊಸ ಮುದ್ರೆಯಿಲ್ಲದೆ ಮರಳುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಆದೇಶ ಹೊರಟಾಗ, ಅದು ಯಾರಿಗೆ ಅನ್ವಯ ಎಂಬುದು ತಿಳಿಯದೆ ರಜೆ ಮೊಟಕುಗೊಳಿಸಿ ವಿಮಾನ ನಿಲ್ದಾಣಕ್ಕೆ ಓಡಿದವರಿದ್ದರು. ಅದೇ ವರ್ಷ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಖಾತೆಗಳನ್ನೂ ಪರಿಶೀಲಿಸುವ ಕ್ರಮ ಬಂತು. ಭಾರತದಲ್ಲಿ ಅನೇಕರ ಸಂದರ್ಶನಗಳು 2026ರ ಮಾರ್ಚಿಗೂ ಅದರಾಚೆಗೂ ಮುಂದೂಡಲ್ಪಟ್ಟವು. ಎರಡು ವಾರಕ್ಕೆಂದು ಬಂದವರು ತಿಂಗಳುಗಟ್ಟಲೆ ಉಳಿಯಬೇಕಾಯಿತು. ಹಾಗೆ ಉಳಿದ ದಿನಗಳೂ ಆರು ವರ್ಷದ ಎಣಿಕೆಗೆ ಸೇರುವುದಿಲ್ಲ, ನಿಜ. ಆದರೆ ಅಲ್ಲಿ ಕಾಯುತ್ತಿರುವ ಕೆಲಸ, ಬಾಡಿಗೆ, ಮಕ್ಕಳ ಶಾಲೆ? ಅದೂ ಅಲ್ಲದೆ ಒಂದು ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿದ್ದವನು ನಮ್ಮ ತೆರಿಗೆ ಕಾನೂನಿನ ಪ್ರಕಾರ ಇಲ್ಲಿಯ ನಿವಾಸಿಯಾಗುತ್ತಾನೆ. ಅಲ್ಲಿಯೂ ಮತ್ತೊಂದು ಎಣಿಕೆ!

ಆದ್ದರಿಂದ ಎರಡನ್ನು ಬೇರೆ ಬೇರೆಯಾಗಿ ಕೇಳಿ. "ನಿನ್ನ ಆರು ವರ್ಷದಲ್ಲಿ ಎಷ್ಟು ಉಳಿದಿದೆ?" ಎಂಬುದು ಒಂದು ಪ್ರಶ್ನೆ. "ಮರಳಿ ಹೋಗಲು ನಿನ್ನ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಮುದ್ರೆ ಇದೆಯೇ?" ಎಂಬುದು ಇನ್ನೊಂದು. ಮುದ್ರೆ ಇದ್ದವನು ದಿನಗಳ ಹೆಸರಲ್ಲಿ ಬರುವುದನ್ನು ಮುಂದೂಡಬೇಕಾಗಿಲ್ಲ. ಮುದ್ರೆ ಇಲ್ಲದವನನ್ನು ಹಟ ಹಿಡಿದು ಕರೆಸಿ ಸಂಕಷ್ಟಕ್ಕೆ ದೂಡಬೇಡಿ. ಅಂಥವನ ತಂದೆ ತಾಯಿಗೆ ಆರೋಗ್ಯವಿದ್ದರೆ ಅವರೇ ಸಂದರ್ಶಕ ವೀಸಾ ಪಡೆದು ಅಲ್ಲಿಗೆ ಹೋಗಿ ಬರಬಹುದು.

ಮನೆಯಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಒಂದು ನೋಟ್ ಪುಸ್ತಕ ಇಡಿ. ಮಗ ಅಲ್ಲಿಂದ ಹೊರಟ ದಿನ, ಅಲ್ಲಿಗೆ ಮರಳಿ ತಲುಪಿದ ದಿನ, ವಿಮಾನದ ಸಂಖ್ಯೆ ಬರೆಯಿರಿ. ಬೋರ್ಡಿಂಗ್ ಪಾಸಿನ ಚಿತ್ರ ತೆಗೆದಿಡಿ. ಮನೆಯ ಪ್ರತಿಯೊಬ್ಬರ, ಮುಖ್ಯವಾಗಿ ಮಕ್ಕಳ, ಪಾಸ್‌ಪೋರ್ಟು ಎಂದು ಮುಗಿಯುತ್ತದೆಂದು ಮೊದಲ ಪುಟದಲ್ಲಿ ಬರೆದಿಡಿ. ಪ್ರತಿಯೊಬ್ಬರ ಕಡತವೂ ಬೇರೆ, ನಿಯಮಗಳೂ ಬದಲಾಗುತ್ತಿರುತ್ತವೆ. ಆದ್ದರಿಂದ ನಿರ್ಧಾರಕ್ಕೆ ಮುನ್ನ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಲು ಹೇಳಿ. ನೆಂಟರ ಬಾಯಿಮಾತನ್ನು ನಂಬಿ ಟಿಕೆಟ್ ರದ್ದು ಮಾಡುವುದು ಬೇಡ.

ಕೊನೆಯದಾಗಿ ಮುಸಾಫಿರನ ಮಾತಿಗೇ ಮರಳೋಣ. ಪರದೇಶದ ಕಾನೂನು ನಿಮ್ಮ ಮಗನನ್ನು ಹದಿನೆಂಟು ವರ್ಷವಾದರೂ ತಾತ್ಕಾಲಿಕ ಎಂದೇ ಬರೆದುಕೊಳ್ಳಬಹುದು. ಆದರೆ ಹನಫೀ ಫಿಕ್ಹ್‌ನ ಪ್ರಕಾರ, ಹುಟ್ಟೂರನ್ನು ಶಾಶ್ವತವಾಗಿ ಬಿಟ್ಟು ಬೇರೆಲ್ಲೋ ಕಾಯಂ ನೆಲೆ ಮಾಡಿಕೊಳ್ಳದವನಿಗೆ ಹುಟ್ಟೂರು ಹುಟ್ಟೂರೇ. ಅವನು ಒಂದೇ ದಿನಕ್ಕೆಂದು ತಿಲಕ್ ನಗರದ ಮನೆಗೆ ಬಂದರೂ ಮುಸಾಫಿರ್ ಅಲ್ಲ, ಹದಿನೈದು ದಿನದ ಲೆಕ್ಕ ಅವನಿಗಿಲ್ಲ. ತಂದೆಯ ಪಕ್ಕದಲ್ಲಿ ನಿಂತು ಪೂರ್ತಿ ನಾಲ್ಕು ರಕಅತ್ ನಮಾಝ್ ಮಾಡುತ್ತಾನೆ. ಅಂಥ ದಿನಗಳಿಗೆ ಬೋರ್ಡಿಂಗ್ ಪಾಸನ್ನು ಎತ್ತಿಡಿ, ಆದರೆ ಅವು ನಷ್ಟವಾಗುತ್ತವೆಂದು ಹೆದರಿ ಅವನ ಬರವನ್ನು ತಡೆಯಬೇಡಿ. ದೂರದಲ್ಲಿರುವ ಎಲ್ಲ ಮಕ್ಕಳ ದಾರಿಯನ್ನು ಅಲ್ಲಾಹನು ಸುಗಮಗೊಳಿಸಲಿ. ಆಮೀನ್.